ಪಂದ್ಯದ ದಿನ ಕೈಕಾಲು ಕಟ್ಟಿದಂತಾಗುವ ಮಕ್ಕಳಿಗೆ ಮನಸ್ಸಿನ ಪಾಠ ಕಲಿಸಬಹುದೇ?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಉಪನ್ಯಾಸಕಿ. ನಮ್ಮ ಹಾಕಿ ತಂಡದ ಮಕ್ಕಳು ಅಭ್ಯಾಸದಲ್ಲಿ ಹುಲಿಗಳಂತೆ ಆಡುತ್ತಾರೆ, ಜಿಲ್ಲಾ ಮಟ್ಟದ ಪಂದ್ಯ ಬಂದರೆ ಸುಲಭದ ಚೆಂಡನ್ನೂ ಬಿಟ್ಟುಬಿಡುತ್ತಾರೆ. ಕ್ರೀಡಾ ಮನೋವಿಜ್ಞಾನವನ್ನು ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ನಾನು ಮನೋವಿಜ್ಞಾನ ಓದಿದವಳಲ್ಲ. ಅದನ್ನು ಕಲಿಸುವುದು ನನ್ನಿಂದ ಸಾಧ್ಯವೇ? ಸಾಧ್ಯವಾದರೆ ಎಲ್ಲಿಂದ ಆರಂಭಿಸಲಿ?

ಉತ್ತರ: ಖಂಡಿತ ಸಾಧ್ಯ. ಅದನ್ನು ಆರಂಭಿಸಬೇಕಾದ ಜಾಗ ಕಪ್ಪುಹಲಗೆಯಲ್ಲ, ಮೈದಾನ. ಚೆಂಡನ್ನು ತಡೆದು ನಿಲ್ಲಿಸುವುದನ್ನು ನೀವು ವ್ಯಾಖ್ಯಾನ ಬರೆಸಿ ಕಲಿಸುವುದಿಲ್ಲ. ನೂರು ಸಲ ಮಾಡಿಸಿ ಕಲಿಸುತ್ತೀರಿ. ಉಸಿರನ್ನು ಹದಕ್ಕೆ ತರುವುದು, ಗಮನವನ್ನು ಬೇಕಾದ ಕಡೆ ನಿಲ್ಲಿಸುವುದು, ತಪ್ಪಾದ ಮೇಲೆ ಮುಂದಿನ ಚೆಂಡಿಗೆ ಮರಳುವುದು ಸಹ ಅದೇ ರೀತಿಯ ಕೌಶಲಗಳು. ಸಿ.ಬಿ.ಎಸ್.ಇ. ಪಠ್ಯಕ್ರಮದ 11 ಮತ್ತು 12ನೇ ತರಗತಿಗಳ ದೈಹಿಕ ಶಿಕ್ಷಣ ವಿಷಯದಲ್ಲಿ ಕ್ರೀಡಾ ಮನೋವಿಜ್ಞಾನಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ವ್ಯಕ್ತಿತ್ವದ ಬಗೆಗಳು, ಪ್ರೇರಣೆ, ಆಕ್ರಮಣಶೀಲತೆ, ಗುರಿ ನಿರ್ಧಾರ, ತನ್ನೊಂದಿಗೆ ತಾನೇ ಆಡಿಕೊಳ್ಳುವ ಮಾತು ಎಲ್ಲವೂ ಅದರಲ್ಲಿವೆ. ಆದರೆ ಆ ವಿಷಯದಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕಕ್ಕೆ ಇರುವುದರಿಂದ ಅಧ್ಯಾಯವು ಬಹುಪಾಲು ಪ್ರಶ್ನೋತ್ತರಗಳಲ್ಲೇ ಮುಗಿದುಹೋಗುತ್ತದೆ. ನಾನೂ ಉಪನ್ಯಾಸಕನಾಗಿದ್ದ ಮೊದಲ ವರ್ಷಗಳಲ್ಲಿ ನೋಟ್ಸ್ ಬರೆಸಿದವನೇ. 'ಆತಂಕ ಎಂದರೇನು' ಎಂಬುದಕ್ಕೆ ಸೊಗಸಾಗಿ ಉತ್ತರ ಬರೆದ ಹುಡುಗನೇ ಮರುವಾರ ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಹೊಡೆಯುವ ಒಂದೇ ಹೊಡೆತ) ಹೊಡೆಯಲು ನಿಂತು ನಡುಗಿದ್ದನ್ನು ಕಂಡ ಮೇಲೆ ಕಲಿಸುವ ಕ್ರಮವನ್ನು ಬದಲಿಸಿದೆ.

ಮೊದಲು ಮಕ್ಕಳು ಪಂದ್ಯದಲ್ಲಿ ಏಕೆ ಕುಸಿಯುತ್ತಾರೆಂಬುದನ್ನು ನೋಡೋಣ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಒಂದು, 'ಸೋತರೆ ಏನಾಗುತ್ತದೆ' ಎಂಬ ಚಿಂತೆ ಮನಸ್ಸಿನ ಜಾಗವನ್ನು ತುಂಬಿಕೊಂಡು, ಎದುರಾಳಿ ಎಲ್ಲಿದ್ದಾನೆ, ಯಾರಿಗೆ ಪಾಸ್ ಕೊಡಬೇಕು ಎಂದು ಯೋಚಿಸಲು ಅವಕಾಶವನ್ನೇ ಉಳಿಸುವುದಿಲ್ಲ. ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದುದು. ಚೆನ್ನಾಗಿ ರೂಢಿಯಾದ ಚಲನೆಯನ್ನು ಒತ್ತಡದಲ್ಲಿರುವ ಆಟಗಾರ ಒಂದೊಂದಾಗಿ ಬಿಡಿಸಿ ನೋಡಲು ತೊಡಗುತ್ತಾನೆ. ಮಣಿಕಟ್ಟು ಸರಿಯಿದೆಯೇ, ಕಾಲು ಸರಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಆಗ ತಾನಾಗಿ ಹರಿಯುತ್ತಿದ್ದ ಚಲನೆ ತುಂಡಾಗುತ್ತದೆ. ಗಾಲ್ಫ್ ಆಟಗಾರರ ಮೇಲೆ ನಡೆದ ಪ್ರಯೋಗಗಳಲ್ಲಿ ತಂತ್ರದ ಮೇಲೆ ಗಮನವಿಡುವುದರಿಂದ ಹೊಸಬರಿಗೆ ಸಹಾಯವಾಯಿತು, ನುರಿತವರ ಆಟ ಕೆಟ್ಟಿತು. ಶಿಕ್ಷಕರಿಗೆ ಇದರಲ್ಲಿ ದೊಡ್ಡ ಪಾಠವಿದೆ. ಆಗತಾನೇ ಸ್ಟಿಕ್ ಹಿಡಿದ ಪ್ರಥಮ ಪಿಯು ವಿದ್ಯಾರ್ಥಿನಿಗೆ 'ಎಡಗೈ ಮೇಲಿರಲಿ' ಎಂದು ಹೇಳುವುದು ಅಗತ್ಯ. ಆರು ವರ್ಷ ಆಡಿದವಳಿಗೆ ಪಂದ್ಯದ ನಡುವೆ ಗೆರೆಯಾಚೆಯಿಂದ ಅದನ್ನೇ ಕೂಗಿ ಹೇಳಿದರೆ ನೀವೇ ಅವಳ ಆಟವನ್ನು ಕೆಡಿಸಿದಂತೆ. ಅವಳ ಗಮನವನ್ನು ಕೈಯಿಂದ ತಪ್ಪಿಸಿ ಹೊರಗಿನ ಗುರಿಯ ಕಡೆಗೆ, ಅಂದರೆ ಗೋಲಿನ ಹಲಗೆಯ ಒಂದು ಮೂಲೆಯ ಕಡೆಗೆ, ತಿರುಗಿಸುವ ಮಾತು ಮಾತ್ರ ಆಗ ನೆರವಾಗುತ್ತದೆ.

ಉದ್ವೇಗದ ವಿಷಯಕ್ಕೆ ಬಂದರೆ, ಕೊಡಗಿನ ಶಿಕ್ಷಕರಿಗೆ ಪಠ್ಯಪುಸ್ತಕಕ್ಕಿಂತ ಉತ್ತಮವಾದ ಉದಾಹರಣೆ ಕೈಯಳತೆಯಲ್ಲಿದೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ, ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಮಕ್ಕಳು ಚಿಕ್ಕಂದಿನಿಂದ ನೋಡಿರುತ್ತಾರೆ. ಚೆನ್ನಾಗಿ ಹೊಡೆಯುವ ಹಿರಿಯರು ಕೋವಿಯನ್ನು ಭುಜಕ್ಕೆ ಒತ್ತಿಕೊಂಡು, ಉಸಿರನ್ನು ನಿಧಾನವಾಗಿ ಬಿಟ್ಟು, ಬಿಟ್ಟ ಉಸಿರಿನ ಕೊನೆಯಲ್ಲಿ ಒಂದು ಕ್ಷಣ ತಡೆದು ಕೋವಿಯ ಕುದುರೆ (ಟ್ರಿಗರ್) ಎಳೆಯುತ್ತಾರೆ. ಅದೇ ದಿನ ನಡೆಯುವ ಹಗ್ಗಜಗ್ಗಾಟದಲ್ಲಿ ಇಷ್ಟು ಶಾಂತವಾಗಿ ನಿಂತವರು ಸೋಲುತ್ತಾರೆ. ಅಲ್ಲಿ ಕೂಗು, ಬಿಸಿ, ರೋಷ ಎಲ್ಲವೂ ಬೇಕು. ಯಾವ ಕೆಲಸಕ್ಕೆ ಎಷ್ಟು ಕಾವು ಎಂಬ ಈ ಹದವೇ ಉದ್ವೇಗದ ಪಾಠದ ತಿರುಳು. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನಶ್ಶಾಸ್ತ್ರಜ್ಞರ ಹೆಸರಿನಲ್ಲಿ, ತಲೆಕೆಳಗಾದ 'ಯು' ಆಕಾರದ ರೇಖೆಯಾಗಿ, ಪುಸ್ತಕಗಳು ಇದನ್ನೇ ತೋರಿಸುತ್ತವೆ. ಅವರ 1908ರ ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಒಂದು ರೇಖೆ ಎಲ್ಲ ಆಟಗಾರರಿಗೂ ಹೊಂದುವುದಿಲ್ಲ. ಯೂರಿ ಹನಿನ್ ಎಂಬ ವಿದ್ವಾಂಸರು ಪ್ರತಿಯೊಬ್ಬ ಆಟಗಾರನಿಗೂ ಅವನದೇ ಆದ ಹದವಿರುತ್ತದೆ ಎಂದು ತೋರಿಸಿದರು. ಆದ್ದರಿಂದ ಪಂದ್ಯಕ್ಕೆ ಮುಂಚೆ ಇಡೀ ತಂಡವನ್ನು ನಿಲ್ಲಿಸಿ ವೀರಾವೇಶದ ಭಾಷಣ ಮಾಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಭಾಷಣ ಮಂದವಾಗಿದ್ದ ಇಬ್ಬರನ್ನು ಎಬ್ಬಿಸಿ, ಮೊದಲೇ ಕುದಿಯುತ್ತಿದ್ದ ನಾಲ್ವರನ್ನು ಉಕ್ಕಿಸಿಬಿಡುತ್ತದೆ. ಅದರ ಬದಲು ಪ್ರತಿ ಅಭ್ಯಾಸ ಪಂದ್ಯಕ್ಕೂ ಮೊದಲು ಮಕ್ಕಳು ತಮ್ಮ ಕಾವಿಗೆ ಒಂದರಿಂದ ಹತ್ತರೊಳಗೆ ಒಂದು ಅಂಕಿ ಬರೆದುಕೊಳ್ಳಲಿ, ಪಂದ್ಯ ಮುಗಿದ ಮೇಲೆ ತಮ್ಮ ಆಟಕ್ಕೂ ಒಂದು ಅಂಕಿ ಬರೆಯಲಿ. ಎಂಟು ಹತ್ತು ಪಂದ್ಯಗಳಾದ ಮೇಲೆ ತನ್ನ ಹದ ಯಾವುದೆಂದು ಪ್ರತಿಯೊಬ್ಬರಿಗೂ ತಾನಾಗಿ ಕಾಣುತ್ತದೆ. ಕಾವು ಹೆಚ್ಚಿದವರಿಗೆ ದೀರ್ಘವಾಗಿ ಉಸಿರು ಬಿಡುವುದನ್ನೂ, ಕಡಿಮೆಯಾದವರಿಗೆ ಚುರುಕಾದ ಓಟವನ್ನೂ ಆಗ ಹೇಳಿಕೊಡಿ. ಎದೆ ಬಡಿದುಕೊಳ್ಳುವುದು ಹೆದರಿಕೆಯ ಗುರುತು ಮಾತ್ರವಲ್ಲ, ದೇಹ ಸಿದ್ಧವಾಗುತ್ತಿರುವುದರ ಗುರುತೂ ಹೌದು ಎಂದು ಅವರಿಗೆ ತಿಳಿಸಿದರೆ ಅರ್ಧ ಭಾರ ಇಳಿಯುತ್ತದೆ.

ಇನ್ನು ನೋಡುವವರ ಮಾತು. ಕೊಡಗಿನಲ್ಲಿ ಇದನ್ನು ಬಿಟ್ಟು ಕ್ರೀಡಾ ಮನೋವಿಜ್ಞಾನ ಹೇಳಲಾಗದು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ, 360 ಕುಟುಂಬಗಳ ತಂಡಗಳು ಪಾಲ್ಗೊಂಡವು. ಅಲ್ಲಿ ಹದಿನೇಳರ ಹುಡುಗನ ಅಂಗಿಯ ಮೇಲೆ ಮನೆತನದ ಹೆಸರಿರುತ್ತದೆ, ಗ್ಯಾಲರಿಯಲ್ಲಿ ಅಜ್ಜನಿಂದ ಹಿಡಿದು ಅತ್ತೆಯ ತನಕ ಎಲ್ಲರೂ ಕುಳಿತಿರುತ್ತಾರೆ. ನೋಡುಗರ ಇರುವಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾಂಕ್ 1965ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಬಹಳ ಉಪಯುಕ್ತ: ಜನ ನೋಡುತ್ತಿದ್ದಾಗ ಚೆನ್ನಾಗಿ ರೂಢಿಯಾದ ಕೆಲಸ ಇನ್ನಷ್ಟು ಚೆನ್ನಾಗಿ ಆಗುತ್ತದೆ, ಇನ್ನೂ ಪಳಗದ ಕೆಲಸ ಮೊದಲಿಗಿಂತ ಕೆಡುತ್ತದೆ. ಹೋದ ವಾರವಷ್ಟೇ ಕಲಿಸಿದ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸುವ ಹೊಡೆತ) ಅನ್ನು ಫೈನಲ್ ಪಂದ್ಯದಲ್ಲಿ ಮಾಡಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.

ನೋಡುಗರ ಒತ್ತಡವನ್ನು ಅಭ್ಯಾಸಕ್ಕೇ ತಂದುಕೊಳ್ಳಬೇಕು. ಅಭ್ಯಾಸದ ಕೊನೆಯಲ್ಲಿ, ಎಲ್ಲರೂ ದಣಿದಿರುವಾಗ, ಇಡೀ ತರಗತಿಯನ್ನು ಸುತ್ತ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೇ ಒಂದು ಸ್ಟ್ರೋಕ್ ಕೊಡಿ. ಎರಡನೆಯ ಅವಕಾಶ ಬೇಡ. ಆಟಗಾರ ಒಬ್ಬನೇ ಚೆಂಡಿನೊಂದಿಗೆ ಗೋಲ್‌ಕೀಪರ್‌ನನ್ನು ಎದುರಿಸುವ ಶೂಟೌಟ್ ಮಾಡಿಸುವುದಾದರೆ 23 ಮೀಟರ್ ಗೆರೆಯಿಂದ ಎಂಟೇ ಸೆಕೆಂಡು, ಗಡಿಯಾರ ಹಿಡಿದು. ಹೊಡೆಯುವ ಮುಂಚೆ ಪ್ರತಿಯೊಬ್ಬರೂ ತಮ್ಮದೇ ಆದ ಒಂದು ಸಣ್ಣ ಕ್ರಮವನ್ನು ಕಟ್ಟಿಕೊಳ್ಳಲಿ: ಸ್ಟಿಕ್ಕಿನ ತುದಿಯಿಂದ ನೆಲ ಮುಟ್ಟುವುದು, ಒಂದು ಉದ್ದನೆಯ ಉಸಿರು ಬಿಡುವುದು, ಗುರಿಯ ಮೂಲೆಯನ್ನು ನೋಡುವುದು, ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಆ ಪದವನ್ನು ಮಗುವೇ ಆರಿಸಿಕೊಳ್ಳಲಿ, ಕೊಡವ ತಕ್ಕ್‌ನಲ್ಲಿರಲಿ, ಅರೆಭಾಷೆಯಲ್ಲಿರಲಿ, ಮನೆಯಲ್ಲಿ ಆಡುವ ಯಾವ ಮಾತಿನಲ್ಲೇ ಇರಲಿ. 'ತಪ್ಪಬಾರದು' ಎಂಬಂಥ ನಿಷೇಧದ ಪದ ಬೇಡ, ಅದು ಮನಸ್ಸನ್ನು ತಪ್ಪಿನ ಕಡೆಗೇ ಎಳೆಯುತ್ತದೆ. ತಪ್ಪಿದವರನ್ನು ನೋಡಿ ನಗುವುದಕ್ಕೆ, ಅವರಿಗೆ ಶಿಕ್ಷೆಯಾಗಿ ಓಟ ಓಡಿಸುವುದಕ್ಕೆ ಈ ಅಭ್ಯಾಸದಲ್ಲಿ ಜಾಗವಿಲ್ಲ. ಅವಮಾನದ ಹೆದರಿಕೆ ಸೇರಿಕೊಂಡರೆ ನೀವು ಕಲಿಸುತ್ತಿರುವುದು ಧೈರ್ಯವಲ್ಲ.

ತಪ್ಪಿನಿಂದ ಮರಳುವುದನ್ನು ಕಲಿಸಲು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಹಾಕಿ ಕ್ವಾರ್ಟರ್ ಫೈನಲ್ ಪಂದ್ಯವನ್ನು ಮಕ್ಕಳಿಗೆ ತೋರಿಸಿ. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಭಾರತದ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರಹೋದರು. ಉಳಿದ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿದ ಭಾರತ ಪಂದ್ಯವನ್ನು 1-1ರಲ್ಲಿ ಹಿಡಿದಿಟ್ಟು ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಆ ತಂಡದೊಂದಿಗೆ ಪ್ಯಾಡಿ ಅಪ್ಟನ್ ಎಂಬ ಮಾನಸಿಕ ತರಬೇತುದಾರರು ಕೆಲಸ ಮಾಡಿದ್ದರು. ಪಂದ್ಯವನ್ನು ಅಲ್ಲಲ್ಲಿ ನಿಲ್ಲಿಸಿ 'ಈ ಆಟಗಾರ ಈಗ ಯಾವುದರ ಮೇಲೆ ಗಮನವಿಟ್ಟಿದ್ದಾನೆ' ಎಂದು ಕೇಳಿದರೆ ಒಂದು ಅವಧಿ ಸಾಲುವುದಿಲ್ಲ. ನಮ್ಮ ಮಣ್ಣಿನವರೇ ಆದ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ, ಕೆಲವು ವರ್ಷಗಳ ಹಿಂದೆ ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲಲಾಗದೆ ಆಟ ಬಿಡುವ ಯೋಚನೆ ಮಾಡಿದ್ದನ್ನು ಮುಚ್ಚಿಡದೆ ಹೇಳಿಕೊಂಡರು. ಸೋಲನ್ನು ಮುಚ್ಚಿಡದ ಇಂಥ ಮಾತು ಹದಿಹರೆಯದವರಿಗೆ ಪದಕದ ಚಿತ್ರಕ್ಕಿಂತ ಹೆಚ್ಚು ಹತ್ತಿರವಾಗುತ್ತದೆ.

ಮಳೆಗಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮೈದಾನಗಳು ಕೆರೆಗಳಾಗಿರುತ್ತವೆ, ಮಳೆಯ ರಜೆಗಳು ಬೇರೆ. ಆ ತಿಂಗಳುಗಳು ವ್ಯರ್ಥವೆಂದು ನಾವೆಲ್ಲ ಗೊಣಗುವುದಿದೆ. ಮನಸ್ಸಿನಲ್ಲೇ ಆಟವನ್ನು ಆಡಿ ನೋಡುವ ಮನೋಚಿತ್ರಣಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಫೆಲ್ಟ್ಜ್ ಮತ್ತು ಲ್ಯಾಂಡರ್ಸ್ ಎಂಬ ಸಂಶೋಧಕರು 1983ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಏನೂ ಅಭ್ಯಾಸ ಮಾಡದೆ ಇರುವುದಕ್ಕಿಂತ ಮಾನಸಿಕ ಅಭ್ಯಾಸ ಮೇಲೆಂಬುದು ಕಂಡುಬಂತು. ಮೈದಾನದ ಅಭ್ಯಾಸಕ್ಕೆ ಅದು ಸಾಟಿಯಲ್ಲ ಎಂಬುದನ್ನೂ ಮಕ್ಕಳಿಂದ ಮರೆಮಾಚಬೇಡಿ. ತರಗತಿಯಲ್ಲಿ ಸ್ಟಿಕ್ ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಲಿ. ಚೆಂಡು ಗೋಲಿನ ಹಲಗೆಗೆ ಬಡಿಯುವ ಸದ್ದು, ಒದ್ದೆ ಹುಲ್ಲಿನ ವಾಸನೆ, ಅಂಗೈಯ ಬಿಗಿತ ಎಲ್ಲವೂ ಇರಲಿ. ನಿಜವಾಗಿ ಆಡಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಮನಸ್ಸಿನಲ್ಲೂ ತೆಗೆದುಕೊಳ್ಳಲಿ. ಗೋಲು ಹೊಡೆದದ್ದನ್ನಷ್ಟೇ ಅಲ್ಲ, ಚೆಂಡು ತಪ್ಪಿ ಹೋದಾಗ ತಿರುಗಿ ಓಡಿ ರಕ್ಷಣೆಗೆ ಬಂದದ್ದನ್ನೂ ಕಲ್ಪಿಸಿಕೊಳ್ಳಲಿ. ಏಳೆಂಟು ನಿಮಿಷ ಸಾಕು, ಅದಕ್ಕಿಂತ ಹೆಚ್ಚಾದರೆ ತೂಕಡಿಕೆ ಬರುತ್ತದೆ.

ಗುರಿಗಳ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. 'ಜಿಲ್ಲಾ ಚಾಂಪಿಯನ್ ಆಗಬೇಕು' ಎಂಬುದು ಎದುರಾಳಿಯ ಕೈಯಲ್ಲೂ ಇರುವ ಗುರಿ. 'ಚೆಂಡು ಕಳೆದುಕೊಂಡ ಮೂರು ಸೆಕೆಂಡಿನೊಳಗೆ ಹಿಂದಕ್ಕೆ ಓಡುತ್ತೇನೆ' ಎಂಬುದು ತನ್ನ ಕೈಯಲ್ಲೇ ಇರುವ ಗುರಿ. ಪಂದ್ಯದ ದಿನ ಎರಡನೆಯದು ಮಾತ್ರ ಜೇಬಿನಲ್ಲಿರಲಿ.

ತಂಡದಲ್ಲಿಲ್ಲದ ಮಕ್ಕಳನ್ನು ದಯವಿಟ್ಟು ಮರೆಯಬೇಡಿ. ಒಂದು ತರಗತಿಯಲ್ಲಿ ಅರವತ್ತು ಜನರಿದ್ದರೆ ತಂಡದಲ್ಲಿ ಆಡುವವರು ಹದಿನಾರು, ಉಳಿದವರು ಮರದ ಕೆಳಗೆ ಕುಳಿತಿರುತ್ತಾರೆ. ಮನುಷ್ಯ ಒಂದು ಚಟುವಟಿಕೆಯಲ್ಲಿ ಮನಸ್ಸಿಟ್ಟು ತೊಡಗಬೇಕಾದರೆ ಅದರಲ್ಲಿ ತನಗೆ ಆಯ್ಕೆಯಿರಬೇಕು, ತನ್ನಿಂದ ಆಗುತ್ತದೆಂಬ ಭಾವ ಬರಬೇಕು, ತಾನು ಜೊತೆಗಾರರಲ್ಲಿ ಒಬ್ಬನೆನ್ನಿಸಬೇಕು ಎಂದು ಡೆಸಿ ಮತ್ತು ರಯಾನ್ ಎಂಬ ಮನಶ್ಶಾಸ್ತ್ರಜ್ಞರ ಸಿದ್ಧಾಂತ ಹೇಳುತ್ತದೆ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದುಕೊಳ್ಳುವ ಪದ್ಧತಿ ಈ ಮೂರನ್ನೂ ಒಂದೇ ಏಟಿಗೆ ಕೊಲ್ಲುತ್ತದೆ. ಕೊನೆಗೆ ಉಳಿದ ಹುಡುಗಿಯ ಮುಖವನ್ನು ಒಮ್ಮೆ ನೋಡಿದವರು ಆ ಪದ್ಧತಿಯನ್ನು ಮತ್ತೆ ಅನುಸರಿಸಲಾರರು. ಹಾಗೆಯೇ ಆತ್ಮವಿಶ್ವಾಸದ ಬಗ್ಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಹೇಳಿದ ಮಾತು ಇವರಿಗೆ ಮುಖ್ಯ: ಇತರರ ಪ್ರೋತ್ಸಾಹದ ಮಾತಿಗಿಂತ, ತಾನೇ ಮಾಡಿ ಗೆದ್ದ ಅನುಭವಕ್ಕೆ ಬಲ ಹೆಚ್ಚು. 'ಧೈರ್ಯ ತಗೋ' ಎಂದು ಹತ್ತು ಸಲ ಹೇಳುವ ಬದಲು ಗೋಲನ್ನು ಇನ್ನೂ ಎರಡಡಿ ಹೆಚ್ಚು ಅಗಲ ಮಾಡಿ ಕೊಡಿ.

ನೀವು ಮನಶ್ಶಾಸ್ತ್ರಜ್ಞೆಯಲ್ಲ ಎಂಬ ನಿಮ್ಮ ಅಳುಕು ಒಂದು ವಿಷಯದಲ್ಲಿ ಸರಿಯಾದುದು. ಪಂದ್ಯದ ನಡುಕ ನಿಮ್ಮ ಪಾಠದ ಒಳಗೆ ಬರುತ್ತದೆ. ಆದರೆ ವಾರಗಟ್ಟಲೆ ನಿದ್ದೆಗೆಡುವುದು, ಊಟ ಬಿಡುವುದು, ಇಷ್ಟದ ಆಟದಿಂದಲೂ ದೂರವಾಗುವುದು, ಬದುಕೇ ಬೇಡವೆಂಬ ಮಾತು ಆಡುವುದು ಕಂಡರೆ ಅದು ಉಸಿರಾಟದ ಅಭ್ಯಾಸದಿಂದ ನಿಭಾಯಿಸುವ ಸಂಗತಿಯಲ್ಲ. ಆ ಮಗುವಿನೊಂದಿಗೆ ಏಕಾಂತದಲ್ಲಿ ಮಾತನಾಡಿ, ಮನೆಯವರನ್ನು ಸೇರಿಸಿಕೊಂಡು, ಅದೇ ದಿನ ವೈದ್ಯರ ಬಳಿಗೆ ತಲುಪಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ. ಆ ಸಂಖ್ಯೆಯನ್ನು ಕ್ರೀಡಾ ಕೊಠಡಿಯ ಬಾಗಿಲ ಮೇಲೆ ಬರೆಸಿ. ಮಕ್ಕಳು ತಮ್ಮ ಅಂಕಿಗಳನ್ನು ಬರೆದುಕೊಂಡ ಪುಸ್ತಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ, ಅದರ ಬರಹಕ್ಕೆ ಅಂಕವನ್ನೂ ಕೊಡಬೇಡಿ. ಅಂಕ ಬರುತ್ತದೆಂದು ತಿಳಿದ ಕೂಡಲೇ ಅವರು ನಿಮಗೆ ಬೇಕಾದದ್ದನ್ನು ಬರೆಯತೊಡಗುತ್ತಾರೆ.

ಪಾಠ ಫಲಿಸಿತೇ ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ. ಮೈದಾನ ಒಣಗಿದ ಮೊದಲ ವಾರದಲ್ಲಿ ಪ್ರತಿಯೊಬ್ಬರಿಂದ ಯಾರೂ ನೋಡದಿರುವಾಗ ಹತ್ತು ಸ್ಟ್ರೋಕ್ ಹೊಡೆಸಿ, ಬೇರೊಂದು ದಿನ ಎಲ್ಲರೂ ಸುತ್ತ ನಿಂತಿರುವಾಗ ಹತ್ತು ಹೊಡೆಸಿ, ಎರಡನ್ನೂ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಹೊಡೆಸಿ. ಒಟ್ಟು ಗೋಲುಗಳು ಹೆಚ್ಚಿದ್ದರೆ ಅದು ಕೈಯ ಅಭ್ಯಾಸದ ಫಲವಿರಬಹುದು. ಎರಡು ಲೆಕ್ಕಗಳ ನಡುವಿನ ಅಂತರ ಕಡಿಮೆಯಾಗಿದೆಯೇ ಎಂಬುದನ್ನು ನೋಡಿ, ನನಗೂ ಬರೆದು ತಿಳಿಸಿ.