ಮೂರು ಮಕ್ಕಳು, ಮೂರು ವಯಸ್ಸು, ಕಲಿಸುವವರು ಒಬ್ಬರೇ: ಮನೆಯಲ್ಲೇ ಓದಿಸುವುದು ಹೇಗೆ?

ಓದುಗರ ಪ್ರಶ್ನೆ: ನಮಗ ಮೂರು ಮಕ್ಕಳು. ಹತ್ತು, ಏಳು, ನಾಲ್ಕು ವರ್ಷದವು. ಈ ವರ್ಷ ಮನ್ಯಾಗೇ ಕಲಿಸಬೇಕಂತ ಮಾಡೀವಿ. ಕಲಿಸಾಕಿ ನಾನೊಬ್ಬಾಕಿನೇ. ಎಲ್ಲಾ ವಿಷಯ ಮೂವರಿಗೂ ಬ್ಯಾರೆ ಬ್ಯಾರೆ ಹೇಳ್ಕೋತ ಕೂತರ ಹೊತ್ತು ಸಾಲೂದಿಲ್ಲ. ಪ್ರಾಜೆಕ್ಟ್ ಮಾಡಿಸ್ರಿ ಅಂತಾರ, ಆದ್ರ ಎಲ್ಲಿಂದ ಶುರು ಮಾಡೂದು? (ಕಲಬುರಗಿಯಿಂದ ಒಬ್ಬ ತಾಯಿ)

ಉತ್ತರ: ಎಲ್ಲ ವಿಷಯವನ್ನೂ ಮೂರು ಸಲ ಕಲಿಸಬೇಕಿಲ್ಲ. ಓದು–ಬರಹ ಮತ್ತು ಲೆಕ್ಕ, ಇವೆರಡನ್ನು ಮಾತ್ರ ಒಬ್ಬೊಬ್ಬರಿಗೆ ಬೇರೆಯಾಗಿ ಹೇಳಿಕೊಡಿ. ವಿಜ್ಞಾನ, ಭೂಗೋಳ, ಇತಿಹಾಸ, ಚಿತ್ರಕಲೆಯನ್ನು ಮೂವರೂ ಒಂದೇ ಕೆಲಸದ ಸುತ್ತ ಕೂತು ಕಲಿಯಲಿ. ಕೆಲಸ ಒಂದೇ, ವಯಸ್ಸಿಗೆ ತಕ್ಕಂತೆ ಹೊಣೆ ಬೇರೆ. ಇದೇನೂ ಹೊಸ ಪ್ರಯೋಗವಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ–ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅಲ್ಲಿ ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮೆಟ್ಟಿಲಲ್ಲಿ ಕಲಿಯುತ್ತಾರೆ.

ಮೊದಲು ದಿನದ ಹೊಂದಾಣಿಕೆ. ಪಾಠವನ್ನು ದೊಡ್ಡ ಮಗುವಿನಿಂದ ಆರಂಭಿಸುವುದು ಸಹಜವೆನಿಸುತ್ತದೆ, ಎಡವುವುದೂ ಅಲ್ಲೇ. ನಾಲ್ಕು ವರ್ಷದ ಮಗು ಅವ್ವನ ಕಡೆ ನೋಡಿ ನೋಡಿ ಸಾಕಾಗಿ, ಸರಿಯಾಗಿ ಭಾಗಾಕಾರದ ನಡುವೆ ಬಂದು ತೊಡೆ ಹತ್ತುತ್ತದೆ. ಹಾಗಾಗಿ ಮೊದಲ 15 ನಿಮಿಷ ಕಿರಿಯ ಮಗುವಿಗೇ ಪೂರ್ತಿ ಕೊಡಿ: ಒಂದು ಕಥೆ, ಒಂದು ಹಾಡು, ಬೆರಳೆಣಿಕೆ. ಆಮೇಲೆ ಅದರ ಪಾಡಿಗೆ ಅದು ಆಡುತ್ತದೆ. ನಂತರ ಏಳು ವರ್ಷದ ಮಗುವಿಗೆ 20 ನಿಮಿಷ ಓದು, 15 ನಿಮಿಷ ಲೆಕ್ಕ. ಅಷ್ಟು ಹೊತ್ತು ಹಿರಿಯ ಮಗು ನಿನ್ನೆ ಕಲಿತದ್ದನ್ನು ತಾನೇ ಬರೆಯಲಿ. ಕೊನೆಗೆ ಹಿರಿಯ ಮಗುವಿಗೆ 40 ನಿಮಿಷ. ಎಲ್ಲ ಸೇರಿ ಒಂದೂವರೆ ಗಂಟೆ. ಶಾಲೆಯ ಆರು ತಾಸನ್ನು ಮನೆಯಲ್ಲಿ ನಡೆಸಲು ಹೋಗಬೇಡಿ. ಅಲ್ಲಿ ಹೊತ್ತು ಹಿಡಿಯುವುದು ಗುಂಪು ದೊಡ್ಡದೆಂಬ ಕಾರಣಕ್ಕೆ. ಮಾರ್ಚ್ ನಡುವಿನಿಂದ ಮೇ ಮುಗಿಯುವವರೆಗೆ ಇದೆಲ್ಲ ಬೆಳಿಗ್ಗೆ 7ಕ್ಕೇ ಶುರುವಾಗಲಿ. ನಮ್ಮ ಬಿಸಿಲಲ್ಲಿ ಹತ್ತು ಹೊಡೆದ ಮೇಲೆ ಮಕ್ಕಳ ತಲೆಗೆ ಏನೂ ಇಳಿಯುವುದಿಲ್ಲ.

ಕಿರಿಯ ಮಗುವಿನ ಕೈಗೆ ಆಡಲು ಕಾಳು ಕೊಡುವ ರೂಢಿಯಿದೆ. ನೀವು ಪಕ್ಕದಲ್ಲೇ ಕೂತಿದ್ದರೆ ಮಾತ್ರ ಕೊಡಿ. ತೊಗರಿ, ಕಡಲೆ ಮೂಗಿಗೋ ಕಿವಿಗೋ ಸೇರಿದರೆ ತೇವಕ್ಕೆ ಊದಿಕೊಂಡು ಬಿಗಿಯುತ್ತವೆ, ತೆಗೆಯಲು ಡಾಕ್ಟರೇ ಬೇಕು. ಎರಡು ಸ್ಟೀಲ್ ಲೋಟ, ಒಂದು ತಟ್ಟೆ, ಅರ್ಧ ತಂಬಿಗೆ ನೀರು ಕೊಟ್ಟರೆ ಅಷ್ಟೇ ಖುಷಿಯಿಂದ ಸುರಿದಾಡುತ್ತದೆ.

ಇನ್ನು ಪ್ರಾಜೆಕ್ಟ್. ಒಂದು ಸಲಕ್ಕೆ ಒಂದೇ ಇರಲಿ, ಎರಡು ವಾರ ನಡೆಯಲಿ. ಅಂಗಡಿಯ ಕಿಟ್ ಬೇಡ. ನಿಮ್ಮ ಕಾಲಡಿಯ ಮಣ್ಣಿನಿಂದಲೇ ಶುರು ಮಾಡಿ, ಕಲಬುರಗಿಯಲ್ಲಿ ಅದಕ್ಕಿಂತ ಒಳ್ಳೆಯ ಪಾಠಪುಸ್ತಕವಿಲ್ಲ.

ಬೇಕಾದದ್ದು: ಕಪ್ಪು ಎರೆ ಮಣ್ಣು, ಕೆಂಪು ಮಸಾರಿ ಮಣ್ಣು, ಉಸುಕು, ತಲಾ 250 ಗ್ರಾಂ. ಒಂದು ಲೀಟರಿನ ಮೂರು ನೀರಿನ ಬಾಟಲಿ, ಹಳೆಯ ಹತ್ತಿ ಬಟ್ಟೆ, ರಬ್ಬರ್ ಬ್ಯಾಂಡ್. ಬಾಟಲಿಯನ್ನು ನಡುವೆ ಕತ್ತರಿಸಿ (ಇದು ನಿಮ್ಮ ಕೆಲಸ), ಮುಚ್ಚಳ ತೆಗೆದು ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿ, ಮೇಲಿನ ತುಂಡನ್ನು ಕೆಳಗಿನ ತುಂಡಿನೊಳಗೆ ಬೋರಲಾಗಿ ಕೂರಿಸಿ. ಮಣ್ಣು ತುಂಬಿ, ಮೇಲಿಂದ 200 ಮಿ.ಲೀ. ನೀರು ನಿಧಾನ ಹಾಕಿ. ಹತ್ತು ನಿಮಿಷಕ್ಕೆ ಕೆಳಗೆ ಎಷ್ಟು ಇಳಿದಿದೆ ಎಂದು ಅಳೆಯಿರಿ.

ಮಣ್ಣಿನ ಹೆಂಟೆ ಪುಡಿ ಮಾಡುವುದು, ನೀರು ಹೊಯ್ಯುವುದು ನಾಲ್ಕು ವರ್ಷದ ಮಗುವಿನ ಪಾಲು. ಅಳತೆ ಲೋಟ ಹಿಡಿದು ಓದುವುದು, ಪಟ್ಟಿ ಬರೆಯುವುದು ಏಳು ವರ್ಷದ್ದರ ಪಾಲು. ಹಾಕಿದ್ದು 200, ಇಳಿದದ್ದು ಇಷ್ಟು, ಉಳಿದದ್ದು ಎಲ್ಲಿ ಹೋಯಿತು, ಅದು ನೂರಕ್ಕೆ ಎಷ್ಟು? ಇದು ಹತ್ತು ವರ್ಷದ್ದರ ಲೆಕ್ಕ.

ಇಲ್ಲೊಂದು ಎಡವಟ್ಟು ಆಗುತ್ತದೆ. ಹೊಲದಿಂದ ತಂದ ಒಣ ಎರೆ ಮಣ್ಣನ್ನು ಹಾಗೇ ತುಂಬಿದರೆ ನೀರು ಗಡಗಡನೆ ಇಳಿದುಬಿಡುತ್ತದೆ. ಎರೆ ನೀರು ಹಿಡಿಯುತ್ತದೆ ಎಂದು ಹೇಳಿಕೊಟ್ಟ ನಿಮ್ಮ ಮಾತೇ ಮಕ್ಕಳ ಕಣ್ಣೆದುರು ಸುಳ್ಳಾಗುತ್ತದೆ. ನೀರು ಮಣ್ಣಿನೊಳಗೆ ಹೋಗಿರುವುದಿಲ್ಲ, ಹೆಂಟೆಗಳ ಸಂದಿಯಲ್ಲಿ, ಬಾಟಲಿಯ ಅಂಚಿನಲ್ಲಿ ಜಾರಿ ಹೋಗಿರುತ್ತದೆ. ಹೊಲದಲ್ಲೂ ಹೀಗೇ: ಬೇಸಿಗೆಯಲ್ಲಿ ಬಿರಿದ ಎರೆ ಹೊಲಕ್ಕೆ ಬಿದ್ದ ಮೊದಲ ಮಳೆ ಬಿರುಕಿನಲ್ಲಿ ಇಳಿಯುತ್ತದೆ, ಮಣ್ಣು ಊದಿ ಬಿರುಕು ಮುಚ್ಚಿದ ಮೇಲೆ ನೀರು ಮೇಲೇ ನಿಲ್ಲುತ್ತದೆ. ಆದ್ದರಿಂದ ಮಣ್ಣನ್ನು ನುಣ್ಣಗೆ ಪುಡಿ ಮಾಡಿ, ತಟ್ಟಿ ತಟ್ಟಿ ತುಂಬಿ, ಒಮ್ಮೆ ನೀರು ಹಾಕಿ ಅರ್ಧ ಗಂಟೆ ಬಿಡಿ. ಎರಡನೇ ಸಲ ಹಾಕಿದ 200 ಮಿ.ಲೀ. ಮಾತ್ರ ಲೆಕ್ಕಕ್ಕೆ. ಆಗ ಉಸುಕಿನಿಂದ ನೀರು ಬೇಗ ಇಳಿಯುತ್ತದೆ, ಮಸಾರಿಯಿಂದ ತಡವಾಗಿ, ಎರೆಯಿಂದ ಹನಿ ಹನಿಯಾಗಿ. ಮೊದಲ ಸಲದ ತಪ್ಪು ಫಲಿತಾಂಶವನ್ನೂ ಪುಸ್ತಕದಲ್ಲಿ ಬರೆಸಿಡಿ, ಅಳಿಸಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಬಿರುಕಿನ ಮಾತು ಅರ್ಥವಾಗುವುದು.

ಮರುದಿನ ಎರೆ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, 10 ಸೆಂ.ಮೀ. ಉದ್ದ, 2 ಸೆಂ.ಮೀ. ದಪ್ಪದ ಪಟ್ಟಿ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮೇಲ್ಪದರ ಬೇಗ ಒಣಗಿ ಪಟ್ಟಿ ತುಂಡಾಗುತ್ತದೆ, ಅಳೆಯಲು ಬರುವುದಿಲ್ಲ. ನಾಲ್ಕೈದು ದಿನ ಬಿಟ್ಟು ಅಳೆದರೆ ಒಂದು ಸೆಂ.ಮೀ.ಗೂ ಹೆಚ್ಚು ಕುಗ್ಗಿರುತ್ತದೆ. ಎರೆ ನೆಲದ ಮೇಲೆ ಕಟ್ಟಿದ ಮನೆಯ ಗೋಡೆ ಯಾಕೆ ಬಿರಿಯುತ್ತದೆ ಎಂದು ಈಗ ಕೇಳಿ. ಮುತ್ಯಾ ಮನೆಯಲ್ಲಿದ್ದರೆ ಹಿಂಗಾರಿ ಜೋಳದ ಮಾತು ಅವರ ಬಾಯಿಂದಲೇ ಬರಲಿ: ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಜೋಳ, ಆಮೇಲೆ ಮಳೆ ಬರದಿದ್ದರೂ ಎರೆ ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟುವುದು ಹೇಗೆ, ತೊಗರಿಯ ತಾಯಿಬೇರು ಎಷ್ಟು ಆಳಕ್ಕೆ ಹೋಗುತ್ತದೆ. ಕೇಳಿದ್ದರಲ್ಲಿ ಐದು ಸಾಲು ಹಿರಿಯ ಮಗು ಬರೆಯಲಿ, ಎರಡು ಸಾಲು ನಡುವಿನದು ಬರೆಯಲಿ, ಕಿರಿಯದು ತೆನೆಯ ಚಿತ್ರ ಬಿಡಿಸಲಿ. ಅಂದಿನ ಕನ್ನಡ ಪಾಠ ಅಷ್ಟೇ.

ಮಣ್ಣಾದ ಮೇಲೆ ಕಲ್ಲು. ನಿಮ್ಮ ಮನೆಯ ಫರ್ಸಿ ಶಹಾಬಾದ ಕಲ್ಲಿನದೇ ಇರಬೇಕು. ಅದು ಸುಣ್ಣದಕಲ್ಲು, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿರುವುದು ಇದೇ ಕಲ್ಲಿಗಾಗಿ. ಒಂದು ಬೇರೆ ತುಂಡನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿದರೆ ಸಣ್ಣ ಗುಳ್ಳೆ ಏಳುತ್ತವೆ. ಕೆರೆಯದೆ ಹಾಕಿದರೆ ಗುಳ್ಳೆ ಕಾಣುವುದೇ ಕಷ್ಟ. ಹೊಳೆಯುವ ನೆಲದ ಮೇಲೆ ಮಾತ್ರ ಈ ಪ್ರಯೋಗ ಬೇಡ, ಹುಳಿ ಬಿದ್ದಲ್ಲಿ ಪಾಲಿಶ್ ಹೋಗಿ ಕಲೆ ಉಳಿಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಚೂರು ಸಿಕ್ಕರೆ ಅದರ ಮೇಲೂ ಹಾಕಿ ನೋಡಿ, ಗುಳ್ಳೆ ಬರುವುದಿಲ್ಲ. ಅದರಲ್ಲಿರುವುದು ಕಬ್ಬಿಣದ ತುಕ್ಕಿನ ಬಣ್ಣ, ಸುಣ್ಣವಲ್ಲ.

ಇಲ್ಲಿಂದ ಇತಿಹಾಸಕ್ಕೆ ದಾರಿ ನೇರ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್ ಇದೆ. ತೂತುತೂತಾದ ಜಂಬಿಟ್ಟಿಗೆ ಮಳೆನೀರನ್ನು ಕೆಳಗೆ ಬಿಡುತ್ತದೆ, ಅದರಡಿಯ ಕರಿಕಲ್ಲು ತಡೆಯುತ್ತದೆ, ನಡುವೆ ಕೂಡಿದ ನೀರು ಸುರಂಗದಲ್ಲಿ ಹರಿಯುತ್ತದೆ. ಬಾಟಲಿಯಲ್ಲಿ ಇದನ್ನೇ ಕಂಡ ಮಕ್ಕಳಿಗೆ ಸುರಂಗದ ಗುಟ್ಟು ಬಾಯಿಪಾಠ ಮಾಡಿಸಬೇಕಿಲ್ಲ. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿತು, ಮೊದಲ ರಾಜಧಾನಿ ಕಲಬುರಗಿ, ಮುಂದಿನದು ಬೀದರ್. 2017ರಿಂದ ಎರಡೂ ಊರಿನ ನಡುವೆ ರೈಲು ಓಡುತ್ತಿದೆ, ಹೋಗಿಬರಲು ಒಂದು ದಿನ ಸಾಕು. ಹೋದಾಗ ಇಡೀ ಊರು ಸುತ್ತಿಸಬೇಡಿ. ಒಂದು ಜಾಗ, ಒಂದು ಪ್ರಶ್ನೆ. ನಾಲ್ಕು ವರ್ಷದ ಮಗುವಿನ ಕಾಲು ಎರಡು ತಾಸಿಗೇ ಸೋಲುತ್ತದೆ, ಅದರ ಅಳುವಿನಲ್ಲಿ ಉಳಿದಿಬ್ಬರ ಕಲಿಕೆಯೂ ನಿಲ್ಲುತ್ತದೆ.

ಮುಂದಿನ ನೆರಳಿನ ಪ್ರಾಜೆಕ್ಟ್‌ಗೆ ವರ್ಷವಿಡೀ ತಿಂಗಳಿಗೆ ಒಂದು ದಿನ ಸಾಕು. ನೆಲದಿಂದ ಸರಿಯಾಗಿ 100 ಸೆಂ.ಮೀ. ಎತ್ತರ ಬರುವಂತೆ ಒಂದು ಕೋಲು ನಿಲ್ಲಿಸಿ, ಮಧ್ಯಾಹ್ನದ ನೆರಳು ಅಳೆಯುವುದು. ನಮ್ಮ ಹಳೆಯ ಜ್ಯೋತಿಷದಲ್ಲಿ ಈ ಕೋಲಿಗೆ ಶಂಕು ಎಂದು ಹೆಸರು. ಕಲಬುರಗಿಯಲ್ಲಿ ಡಿಸೆಂಬರ್ 22ಕ್ಕೆ ನೆರಳು ಸುಮಾರು 86 ಸೆಂ.ಮೀ., ಮಾರ್ಚ್ 21ಕ್ಕೆ 31. ಮೇ ಎರಡನೇ ವಾರದಲ್ಲಿ ಒಂದು ದಿನ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಜೂನ್ 21ಕ್ಕೆ ಮತ್ತೆ 11 ಸೆಂ.ಮೀ., ಆದರೆ ಈ ಸಲ ದಕ್ಷಿಣಕ್ಕೆ! ನೆತ್ತಿಯ ಸೂರ್ಯ ಉತ್ತರಕ್ಕೆ ದಾಟಿರುತ್ತಾನೆ.

ಕೋಲು ಎರಡು ಡಿಗ್ರಿ ವಾಲಿದರೆ ತುದಿ ಮೂರೂವರೆ ಸೆಂ.ಮೀ. ಸರಿಯುತ್ತದೆ. ಗೌಂಡಿಗಳ ಹಾಗೆ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ನೆಟ್ಟಗಿದೆಯೇ ನೋಡಿಕೊಳ್ಳಿ. ಮಾಳಿಗೆಯ ನೆಲ ಬೇಡ, ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಗಡಿಯಾರದ 12 ಗಂಟೆಯನ್ನೂ ನಂಬಬೇಡಿ. ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ 76.8ರಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಸರಾಸರಿ 12:23ಕ್ಕೆ. ವರ್ಷದೊಳಗೆ ಅದು 12:06ರಿಂದ 12:37ರವರೆಗೆ ಓಡಾಡುತ್ತದೆ. ನೆರಳಿನ ತುದಿಗೆ ಹರಳಿಡುವುದು ಕಿರಿಯ ಮಗು, ಅಳೆಯುವುದು ನಡುವಿನದು, ಈ ಗುಣಾಕಾರ ಮತ್ತು ನಕ್ಷೆ ಹಿರಿಯದು.

ಇಂಗ್ಲಿಷ್ ದಿನಕ್ಕೆ ಹತ್ತು ನಿಮಿಷ, ಜೋರಾಗಿ ಓದಿ ಕೇಳಿಸಿ. ಸದ್ಯಕ್ಕೆ ಅಷ್ಟು ಸಾಕು.

ಕಾಗದಪತ್ರದ ವಿಷಯ ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ, ಹಾಗೆ ಮಾಡದ ಪಾಲಕರಿಗೆ ಅದರಲ್ಲಿ ಶಿಕ್ಷೆ ಹೇಳಿಲ್ಲ. ಮುಂದೆ ಶಾಲೆಗೆ ಮರಳಬೇಕೆನಿಸಿದರೆ ಇದೇ ಕಾಯ್ದೆಯ ನಾಲ್ಕನೇ ಕಲಮಿನಂತೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಮನೆಯಲ್ಲೇ ಮುಂದುವರಿದರೆ 14 ತುಂಬಿದ ಮೇಲೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿಯಾದ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಆದರೆ ಸಿಇಟಿ ಅರ್ಹತೆಯ ಒಂದು ಮುಖ್ಯ ಕಲಂ ಕರ್ನಾಟಕದ ಮಾನ್ಯತೆ ಪಡೆದ ಶಾಲೆ–ಕಾಲೇಜಿನಲ್ಲಿ ಏಳು ವರ್ಷ ಓದಿರುವುದನ್ನು ಕೇಳುತ್ತದೆ. ಎಂಜಿನಿಯರಿಂಗ್, ವೈದ್ಯಕೀಯದ ಆಸೆಯಿದ್ದರೆ ಈ ವರ್ಷಗಳನ್ನು ಈಗಲೇ ಬೆರಳು ಮಡಚಿ ಎಣಿಸಿ. ನಿಮ್ಮ ಹಿರಿಯ ಮಗುವಿನ ಮಟ್ಟಿಗೆ ಇದು ತುರ್ತು: ಒಂದನೇ ತರಗತಿಯಿಂದ ಈವರೆಗೆ ಓದಿದ ಶಾಲೆಯ ದಾಖಲೆ ಜೋಪಾನ ಮಾಡಿ, ಮತ್ತೆ ಯಾವ ತರಗತಿಗೆ ಸೇರಿಸಿದರೆ ಏಳು ತುಂಬುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಜೂನ್‌ನಲ್ಲಿ ಶುರು ಮಾಡುವುದಾದರೆ ಮಣ್ಣನ್ನು ಮೊದಲ ಮಳೆಗೆ ಮುಂಚೆಯೇ ತಂದಿಟ್ಟುಕೊಳ್ಳಿ, ಹಸಿ ಎರೆ ಪುಡಿಯಾಗುವುದಿಲ್ಲ. 21ರಂದು ಮೋಡ ಕವಿದು ನೆರಳು ಬೀಳದಿದ್ದರೆ ಬೇಸರ ಬೇಡ. ಹಿಂದುಮುಂದಿನ ಒಂದು ವಾರದಲ್ಲಿ ಬಿಸಿಲು ಕಂಡ ಯಾವ ದಿನ ಅಳೆದರೂ ವ್ಯತ್ಯಾಸ ಅರ್ಧ ಸೆಂ.ಮೀ. ಕೂಡ ಬಾರದು.