ಚಂದ್ರನ ಒಳಗೆ ಟೊಳ್ಳಿದೆಯೇ?

ಪ್ರಶ್ನೆ: ನೌಕೆ ಬಡಿದಾಗ ಚಂದ್ರ ಗಂಟೆಯಂತೆ ಮೊಳಗಿತಂತೆ. ಹಾಗಾದರೆ ಅದರ ಒಳಗೆ ಟೊಳ್ಳಿರಬೇಕಲ್ಲವೇ?

ಮೊಳಗಿದ ಸಂಗತಿ ನಿಜ. 1969ರ ನವೆಂಬರ್‌ನಲ್ಲಿ ಅಪೊಲೊ 12ರ ಯಾತ್ರಿಗಳು ಮರಳಿ ಬರುವಾಗ, ಬಳಸಿ ಮುಗಿದ ನೌಕಾಭಾಗವನ್ನು ಬೇಕೆಂದೇ ಚಂದ್ರನ ಮೇಲೆ ಕೆಡವಲಾಯಿತು. ಅವರು ಅಲ್ಲಿ ಇಟ್ಟು ಬಂದಿದ್ದ ಕಂಪನಮಾಪಕ ಸುಮಾರು ಒಂದು ಗಂಟೆ ಕಾಲ ನಡುಕವನ್ನು ದಾಖಲಿಸಿತು. ಮರುವರ್ಷ ಅಪೊಲೊ 13ರ ರಾಕೆಟ್ ಹಂತ ಬಡಿದಾಗ ನಡುಕ ಮೂರು ಗಂಟೆ ಮೀರಿತು.

ಆದರೆ ಅದಕ್ಕೆ ಕಾರಣ ಟೊಳ್ಳಲ್ಲ, ಒಣ ಕಲ್ಲು. ಭೂಮಿಯ ಬಂಡೆಗಳಲ್ಲಿರುವ ನೀರು ಕಂಪನವನ್ನು ಬೇಗ ಹೀರಿಬಿಡುತ್ತದೆ. ಚಂದ್ರನ ತೊಗಟೆಯಲ್ಲಿ ಆ ನೀರಿಲ್ಲ. ಜೊತೆಗೆ ನಾನೂರು ಕೋಟಿ ವರ್ಷಗಳಿಂದ ಉಲ್ಕೆಗಳ ಏಟು ತಿಂದು ತೊಗಟೆ ನುಚ್ಚುನೂರಾಗಿದೆ. ಚಂದ್ರನ ಗುರುತ್ವವನ್ನು ಅಳೆಯಲು ನಾಸಾ ಕಳಿಸಿದ ಗ್ರೇಲ್ ಜೋಡಿ ನೌಕೆಗಳು 2012ರಲ್ಲಿ ಅಳೆದಂತೆ ಅದರ ಸುಮಾರು ಶೇ 12 ಭಾಗ ಬರಿಯ ಸಂದು. ಅಲೆ ಆ ಬಿರುಕುಗಳ ನಡುವೆ ಸಿಕ್ಕಿ, ಪುಟಿದು ಪುಟಿದು, ಬಹಳ ಹೊತ್ತು ಸುತ್ತುತ್ತದೆ.

ಆಳಕ್ಕೆ ಇಳಿದಂತೆ ಈ ಸಂದುಗಳೂ ಮುಚ್ಚಿಕೊಳ್ಳುತ್ತವೆ. ಮುಚ್ಚುವುದು ಒತ್ತಡ, ಎಂದರೆ ಮೇಲಿರುವ ಕಲ್ಲಿನ ಭಾರ. ಚಂದ್ರನ ಗುರುತ್ವ ನಮ್ಮದರ ಆರನೆಯ ಒಂದು ಪಾಲು ಮಾತ್ರ; ಆದರೂ ಸುಮಾರು 40 ಕಿ.ಮೀ. ಆಳದಲ್ಲಿ, ತೊಗಟೆಯ ಬುಡದಲ್ಲಿ, ಒತ್ತಡ ನಮ್ಮ ವಾಯುಮಂಡಲದ ಒತ್ತಡದ 1,600 ಪಟ್ಟು. ಕೇಂದ್ರದಲ್ಲಿ ಅದು 45,000 ಪಟ್ಟಿಗೂ ಹೆಚ್ಚು. ಕೇಂದ್ರದಲ್ಲಿ ಗುರುತ್ವವೇ ಸೊನ್ನೆಯಲ್ಲವೇ ಎಂದು ಹಲವರು ಕೇಳುತ್ತಾರೆ, ಒಳ್ಳೆಯ ಸಂದೇಹ. ಅಲ್ಲಿ ಸೆಳೆತ ಸೊನ್ನೆ ಹೌದು, ಆದರೆ ಎಲ್ಲ ದಿಕ್ಕುಗಳಿಂದ 1,737 ಕಿ.ಮೀ. ಕಲ್ಲು ಅಲ್ಲಿಗೇ ಒತ್ತುತ್ತಿರುತ್ತದೆ. ಅಂಥ ಕಡೆ ದೊಡ್ಡ ಪೊಳ್ಳು ಉಳಿಯಲಾರದು. ಸುತ್ತಲ ಬಂಡೆ ಬಿಸಿಯಲ್ಲಿ ಮೆತ್ತಗಾಗಿ ಹರಿದು ಅದನ್ನು ತುಂಬಿಬಿಡುತ್ತದೆ.

ಇನ್ನೊಂದು ಸಾಕ್ಷಿ ನನಗೆ ತುಂಬ ಇಷ್ಟ. ಗೋಳದ ದ್ರವ್ಯ ಎಲ್ಲಿ ಹಂಚಿಕೊಂಡಿದೆ ಎಂಬುದು ಅದು ತಿರುಗುವ ಬಗೆಯಲ್ಲೇ ಗೊತ್ತಾಗುತ್ತದೆ. ಇದನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ; ದ್ರವ್ಯ ನಡುವಿನಲ್ಲಿ ಸೇರಿದಷ್ಟೂ ಅದು ಚಿಕ್ಕದು. ಎಲ್ಲೆಡೆ ಒಂದೇ ಸಾಂದ್ರತೆಯ ಗೋಳಕ್ಕೆ ಆ ಸಂಖ್ಯೆ 0.4. ತೆಳು ಚಿಪ್ಪಿನ ಟೊಳ್ಳು ಗೋಳಕ್ಕೆ 0.67. ಚಂದ್ರನದು 0.393. 0.4ಕ್ಕಿಂತ ಕಡಿಮೆ ಎಂದರೆ ನಡುವಿನಲ್ಲಿರುವುದು ಹೊರಗಿನದಕ್ಕಿಂತ ಭಾರವಾದ ವಸ್ತು.

ಅದು ಕಬ್ಬಿಣ. ಅಪೊಲೊ ದಾಖಲೆಗಳನ್ನು 2011ರಲ್ಲಿ ಹೊಸ ವಿಧಾನದಿಂದ ಮತ್ತೆ ಪರಿಶೀಲಿಸಿದಾಗ, ಸುಮಾರು 240 ಕಿ.ಮೀ. ತ್ರಿಜ್ಯದ ಗಟ್ಟಿ ತಿರುಳೂ ಅದರ ಸುತ್ತ 330 ಕಿ.ಮೀ.ವರೆಗೆ ಕರಗಿದ ಪದರವೂ ಕಂಡವು. ತೊಗಟೆಗೂ ಈ ತಿರುಳಿಗೂ ನಡುವೆ ಇರುವುದೆಲ್ಲ ಕಲ್ಲಿನ ಮ್ಯಾಂಟಲ್.

ಆ ಮ್ಯಾಂಟಲ್ ಕೂಡ ಸುಮ್ಮನಿಲ್ಲ. 700ರಿಂದ 1,200 ಕಿ.ಮೀ. ಆಳದಲ್ಲಿ, ವಾಯುಮಂಡಲದ 30,000 ಪಟ್ಟು ಮೀರಿದ ಒತ್ತಡದಡಿ, ಸಣ್ಣ ಕಂಪನಗಳು ಅವೇ ತಾಣಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತವೆ. ಅವು ಮರಳುವುದು ಸುಮಾರು 27 ದಿನಗಳಿಗೊಮ್ಮೆ, ಚಂದ್ರ ಒಂದು ಸುತ್ತು ಮುಗಿಸುವ ಲಯದಲ್ಲಿ: ಭೂಮಿಯ ಸೆಳೆತ ಹೆಚ್ಚುತ್ತಾ ತಗ್ಗುತ್ತಾ ಆ ಆಳದ ಕಲ್ಲನ್ನು ಪ್ರತಿ ಸುತ್ತಿನಲ್ಲೂ ಜಗ್ಗಿ ಬಿಡುತ್ತದೆ.