ಈ ಜಗತ್ತನ್ನು ಓಡಿಸಲು ಎಂಥ ಕಂಪ್ಯೂಟರ್ ಬೇಕು?

ನಾವಿರುವ ಜಗತ್ತು ಯಾರೋ ಓಡಿಸುತ್ತಿರುವ ಕಂಪ್ಯೂಟರ್ ಪ್ರೋಗ್ರಾಮ್ ಇರಬಹುದು ಎಂಬ ಮಾತು ಈಗ ಹರಟೆಯ ಸರಕಾಗಿದೆ. ಅದನ್ನು ತರ್ಕಬದ್ಧವಾಗಿ ಮಂಡಿಸಿದವರು ಆಗ ಆಕ್ಸ್‌ಫರ್ಡ್‌ನಲ್ಲಿದ್ದ ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್, 2003ರಲ್ಲಿ. ಆದರೆ ನಾವು ಸಿಮ್ಯುಲೇಶನ್ನಿನಲ್ಲಿದ್ದೇವೆ ಎಂದು ಅವರು ಹೇಳಿರಲಿಲ್ಲ. ಮೂರರಲ್ಲಿ ಒಂದಾದರೂ ನಿಜವಿರಲೇಬೇಕು ಎಂದಿದ್ದರು: ಅಂಥ ತಂತ್ರಜ್ಞಾನ ಕೈಗೆ ಬರುವ ಮೊದಲೇ ನಾಗರಿಕತೆಗಳೆಲ್ಲ ಹೆಚ್ಚುಕಡಿಮೆ ಅಳಿದುಹೋಗುತ್ತವೆ, ಕೈಗೆ ಬಂದರೂ ತಮ್ಮ ಪೂರ್ವಜರ ಬದುಕನ್ನು ಯಂತ್ರದೊಳಗೆ ಮರುಸೃಷ್ಟಿಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಇಲ್ಲವೇ, ನಾವೇ ಅಂಥ ಸೃಷ್ಟಿಯೊಳಗಿದ್ದೇವೆ. ಹರಟೆಗೆ ಮೂರನೆಯದು ಮಾತ್ರ ಸಿಕ್ಕಿತು.

ಮಾಯಾವಾದವನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಹೊಸತೇನಿದೆ ಅನ್ನಿಸಬಹುದು. ಹೊಸತೆಂದರೆ, ಇಲ್ಲಿ ಲೆಕ್ಕ ಹಾಕಲು ಬರುತ್ತದೆ. ಕಂಪ್ಯೂಟರ್ ಎಂದ ಮೇಲೆ ಅದಕ್ಕೆ ವೇಗ ಬೇಕು, ಮೆಮೊರಿ ಬೇಕು, ವಿದ್ಯುತ್ ಬೇಕು.

ಬೋಸ್ಟ್ರಮ್ ಹಾಕಿದ ಅಂದಾಜಿನಂತೆ ಈವರೆಗೆ ಬಾಳಿದ ಮನುಷ್ಯರೆಲ್ಲರ ಮಿದುಳಿನ ಕೆಲಸವನ್ನು ನಡೆಸಲು 10³³ರಿಂದ 10³⁶ ಗಣನೆಗಳು ಸಾಕು. ಕೊನೆಯ ಸಂಖ್ಯೆ ಎಂದರೆ 1ರ ಮುಂದೆ 36 ಸೊನ್ನೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಫ್ರಂಟಿಯರ್ ಸೂಪರ್‌ಕಂಪ್ಯೂಟರ್ 2022ರಲ್ಲಿ ಸೆಕೆಂಡಿಗೆ 10¹⁸ ಗಣನೆಗಳ ಗಡಿ ದಾಟಿತು. ಆ ಯಂತ್ರಕ್ಕೆ 10³⁶ ಗಣನೆಗಳ ಈ ಕೆಲಸ ಒಪ್ಪಿಸಿದರೆ ಮುಗಿಯಲು ಸುಮಾರು 3,000 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ.

ಇದು ಇಂದಿನ ಯಂತ್ರದ ಮಿತಿಯಾಯಿತು, ನಿಸರ್ಗದ ಮಿತಿ ಬೇರೆ. ಒಂದು ಬಿಟ್ ಮಾಹಿತಿಯನ್ನು ಅಳಿಸಿದರೆ ಇಂತಿಷ್ಟಾದರೂ ಶಾಖ ಹೊರಬೀಳಲೇಬೇಕು ಎಂದು ಐಬಿಎಂನ ರಾಲ್ಫ್ ಲ್ಯಾಂಡಾವರ್ 1961ರಲ್ಲಿ ತೋರಿಸಿದರು. 2012ರಲ್ಲಿ ಅದನ್ನು ಪ್ರಯೋಗದಲ್ಲಿ ಅಳೆದ ರೀತಿ ಸೊಗಸಾಗಿದೆ. ಎರಡು ಮೈಕ್ರಾನ್ ಗಾತ್ರದ ಗಾಜಿನ ಮಣಿಯೊಂದನ್ನು ನೀರಿನಲ್ಲಿ ಲೇಸರ್ ಬೆಳಕಿನಿಂದ ಹಿಡಿದಿಟ್ಟರು. ಬೆಳಕೇ ಅಕ್ಕಪಕ್ಕ ಎರಡು ಕುಳಿಗಳನ್ನು ಮಾಡಿತ್ತು. ಮಣಿ ಒಂದರಲ್ಲಿದ್ದರೆ 0, ಇನ್ನೊಂದರಲ್ಲಿದ್ದರೆ 1. ಮಣಿ ಎಲ್ಲೇ ಇರಲಿ, ಅದನ್ನು ಗೊತ್ತಾದ ಒಂದೇ ಕುಳಿಗೆ ತಂದು ನಿಲ್ಲಿಸಿದರೆ ಬಿಟ್ ಅಳಿದಂತೆ. ಈ ಕೆಲಸವನ್ನು ನಿಧಾನಗೊಳಿಸಿದಷ್ಟೂ ಹೊರಬೀಳುವ ಶಾಖ ಇಳಿಯುತ್ತ ಬಂತು, ಆದರೆ ಲ್ಯಾಂಡಾವರ್ ಹೇಳಿದ ಮಟ್ಟದ ಹತ್ತಿರ ಬಂದು ನಿಂತಿತು. ಕೋಣೆಯ ಉಷ್ಣತೆಯಲ್ಲಿ ಆ ಮಟ್ಟ ಬಿಟ್ ಒಂದಕ್ಕೆ ಸುಮಾರು 3×10⁻²¹ ಜೂಲ್.

ಈಗ ಎರಡೂ ಲೆಕ್ಕ ಕೂಡಿಸಿ ನೋಡಿ. ಒಂದು ಗಣನೆಗೆ ಒಂದೇ ಬಿಟ್ ಅಳಿಯುತ್ತದೆ ಎಂದಿಟ್ಟುಕೊಂಡರೆ, 10³⁶ ಗಣನೆಗಳಿಗೆ ಬೇಕಾಗುವ ಶಕ್ತಿ 1,000 ಮೆಗಾವ್ಯಾಟಿನ ಒಂದು ವಿದ್ಯುತ್ ಸ್ಥಾವರ ಐದು ವಾರ ಓಡಿದಷ್ಟು! ಗಣನೆಗೆ ಸಾವಿರ ಬಿಟ್ ಅಳಿದರೂ ನೂರು ವರ್ಷದೊಳಗೆ ಮುಗಿಯುತ್ತದೆ. ಅಂದರೆ ಮನಸ್ಸುಗಳನ್ನಷ್ಟೇ ಓಡಿಸುವುದಾದರೆ ಭೌತವಿಜ್ಞಾನ ಅಡ್ಡಬರುವುದಿಲ್ಲ. ಅಡ್ಡಬರುವುದು ನಮ್ಮ ಅಜ್ಞಾನ. ಸೀ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿಗೆ ಇರುವುದು 302 ನರಕೋಶ. ಅವು ಒಂದಕ್ಕೊಂದು ಹೇಗೆ ಬೆಸೆದಿವೆ ಎಂಬ ನಕ್ಷೆ 1986ರಲ್ಲೇ ಪ್ರಕಟವಾಗಿದೆ. ಆದರೂ ಆ ಹುಳುವಿನ ನಡವಳಿಕೆಯನ್ನೆಲ್ಲ ಹಾಗೆಹಾಗೆಯೇ ತೋರಿಸುವ ಪ್ರೋಗ್ರಾಮ್ ಇನ್ನೂ ಬಂದಿಲ್ಲ. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ.

ಮನಸ್ಸನ್ನು ಬಿಟ್ಟು ವಸ್ತುವಿಗೆ ಬಂದರೆ ಕಥೆಯೇ ಬೇರೆ. ಪರಮಾಣುವಿನಂಥ ಸೂಕ್ಷ್ಮ ಕಣಗಳ ಕ್ವಾಂಟಮ್ ಜಗತ್ತನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಯಥಾವತ್ತಾಗಿ ನಡೆಸುವುದು ಆಗದ ಮಾತು ಎಂದು ರಿಚರ್ಡ್ ಫೈನ್‌ಮನ್ 1981ರ ಉಪನ್ಯಾಸವೊಂದರಲ್ಲಿ ವಿವರಿಸಿದ್ದರು. ಮೇಲೆ ಅಥವಾ ಕೆಳಗೆ ಎಂಬ ಎರಡೇ ಸ್ಥಿತಿಗಳಿರುವ ಕಣಗಳನ್ನು ತೆಗೆದುಕೊಳ್ಳಿ. ಅಂಥ 300 ಕಣಗಳು ಒಂದರೊಡನೊಂದು ಹೆಣೆದುಕೊಂಡಾಗ ಅವುಗಳ ಒಟ್ಟು ಸ್ಥಿತಿಯನ್ನು ಬರೆದಿಡಲು 2³⁰⁰ ಸಂಖ್ಯೆಗಳು ಬೇಕು. ಕಾಣುವ ವಿಶ್ವದಲ್ಲಿರುವ ಪರಮಾಣುಗಳೇ ಅಷ್ಟಿಲ್ಲ. ‘ಯಾರಾದರೂ ನೋಡಿದಾಗ ಮಾತ್ರ ಕಣಕ್ಕೆ ನೆಲೆ ಸಿಗುತ್ತದೆ, ವಿಡಿಯೋ ಗೇಮಿನಂತೆ ಇಲ್ಲೂ ನೋಡಿದ ಕಡೆಯಷ್ಟೇ ಚಿತ್ರ ಮೂಡುತ್ತದೆ’ ಎಂದು ಕ್ವಾಂಟಮ್ ಸಿದ್ಧಾಂತವನ್ನೇ ಸಾಕ್ಷಿಯಾಗಿ ತರುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಉಲ್ಟಾ ಹೊಡೆಯುತ್ತದೆ. ಯಾರೂ ನೋಡದಿರುವಾಗಲೇ ಆ ಕಣಗಳ ಲೆಕ್ಕ ಅತಿ ದುಬಾರಿ. ಖರ್ಚು ಉಳಿಸಬೇಕೆಂದಿದ್ದ ಪ್ರೋಗ್ರಾಮರ್ ಕ್ವಾಂಟಮ್ ನಿಯಮಗಳ ಸುದ್ದಿಗೇ ಹೋಗುತ್ತಿರಲಿಲ್ಲ.

ಅದೇ ಕ್ವಾಂಟಮ್ ನಿಯಮಗಳ ಮೇಲೆ ಓಡುವ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಈ ತೊಡಕು ನೀಗುತ್ತದೆ ನಿಜ. ಆದರೆ ಇಡೀ ವಿಶ್ವವನ್ನು ಕಣಕಣವಾಗಿ ನಡೆಸುವ ಯಂತ್ರಕ್ಕೆ ವಿಶ್ವದಷ್ಟೇ ಸಾಮಗ್ರಿ ಬೇಕಾಗುತ್ತದೆ. ವಿಶ್ವ ಹುಟ್ಟಿದಾಗಿನಿಂದ ಅದರೊಳಗೆ ಹೆಚ್ಚೆಂದರೆ ಸುಮಾರು 10¹²⁰ ಗಣನೆಗಳು ನಡೆದಿರಬಹುದು ಎಂದು ಎಂಐಟಿಯ ಸೇತ್ ಲಾಯ್ಡ್ 2002ರಲ್ಲಿ ಅಂದಾಜಿಸಿದ್ದರು. ಅದನ್ನು ಹಾಗೆಯೇ ಮರುನಡೆಸುವ ಯಂತ್ರವೂ ಅಷ್ಟು ಗಣನೆ ಮಾಡಬೇಕು.

‘ಹೊರಗಿನವರ ಜಗತ್ತಿನಲ್ಲಿ ಭೌತನಿಯಮಗಳೇ ಬೇರೆ ಇರಬಹುದು, ಅವರಿಗೆ ನಮ್ಮ ಮಿತಿ ಯಾಕೆ?’ ಎಂಬುದು ಇದಕ್ಕೆ ಸಿದ್ಧ ಉತ್ತರ. ಇರಬಹುದು. ಆದರೆ ಗ್ರಹದಷ್ಟು ದೊಡ್ಡ ಕಂಪ್ಯೂಟರ್ ಸೆಕೆಂಡಿಗೆ 10⁴² ಗಣನೆ ಮಾಡಬಲ್ಲದು, ಹಾಗಾಗಿ ಸಿಮ್ಯುಲೇಶನ್ ಸಾಧ್ಯ ಎಂದು ಬೋಸ್ಟ್ರಮ್ ವಾದ ಶುರುವಾದದ್ದೇ ನಮ್ಮ ಭೌತವಿಜ್ಞಾನದ ಬಲದಿಂದ. ಸಾಧ್ಯ ಎನ್ನಲು ನಮ್ಮ ನಿಯಮ ಬೇಕು, ಮಿತಿಯ ಮಾತು ಬಂದಾಗ ಬೇಡ ಎಂದರೆ ಆ ವಾದಕ್ಕೆ ಕೂರಲು ನೆಲವೇ ಇರುವುದಿಲ್ಲ. ನನಗೆ ಈ ಚರ್ಚೆಯ ಅತಿ ದುರ್ಬಲ ಜಾಗ ಇದೇ ಅನ್ನಿಸುತ್ತದೆ.

ಪರೀಕ್ಷೆಗೆ ಸಿಗುವ ಒಂದು ಎಳೆ ಮಾತ್ರ ಉಳಿದಿದೆ. ಭೌತವಿಜ್ಞಾನಿಗಳು ಪರಮಾಣು ಬೀಜದೊಳಗಿನ ಬಲಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಜಾಗವನ್ನು ಚೌಕುಳಿ ಜಾಲರಿಯಾಗಿ ವಿಂಗಡಿಸಿಕೊಳ್ಳುತ್ತಾರೆ. ನಮ್ಮ ಜಗತ್ತೂ ಅಂಥ ಜಾಲರಿಯ ಮೇಲೆ ಓಡುತ್ತಿದ್ದರೆ ಅದರ ಗುರುತು ಎಲ್ಲಿ ಕಾಣಬೇಕು? ಸೈಲಾಸ್ ಬೀನ್, ಜೊಹ್ರೆ ದಾವೂದಿ ಮತ್ತು ಮಾರ್ಟಿನ್ ಸ್ಯಾವೇಜ್ 2012ರಲ್ಲಿ ಇದನ್ನು ಲೆಕ್ಕ ಹಾಕಿದರು. ಅತಿ ಹೆಚ್ಚು ಶಕ್ತಿಯ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬಂದೆರಗುವ ಕಣಗಳು, ಎಲ್ಲ ದಿಕ್ಕಿನಿಂದಲೂ ಒಂದೇ ರೀತಿ ಬರದೆ ಜಾಲರಿಯ ಗೆರೆಗಳಿಗೆ ತಕ್ಕಂತೆ ಹೆಚ್ಚುಕಡಿಮೆ ಆಗಬೇಕು ಎಂಬುದು ಅವರ ಉತ್ತರ. ಈ ಕಿರಣಗಳು ಅಷ್ಟು ಶಕ್ತಿ ಹೊತ್ತು ಬರುತ್ತಿರುವುದರಿಂದಲೇ, ಜಾಲರಿ ಇದ್ದರೂ ಅದರ ಒಂದು ಮನೆಯ ಅಗಲ ಸುಮಾರು 10⁻²⁷ ಮೀಟರಿಗಿಂತ ದೊಡ್ಡದಿರಲಾರದು ಎಂದೂ ತಿಳಿಯುತ್ತದೆ.

ಅಂಥ ಕಣಗಳು ಬಲು ಅಪರೂಪ. ಅತಿ ಶಕ್ತಿಯುತವಾದವು ಒಂದು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಮ್ಮೆ ಬಿದ್ದರೆ ಹೆಚ್ಚು. ಅವನ್ನು ಹಿಡಿಯಲು ಅರ್ಜೆಂಟೀನಾದ ಪಿಯರ್ ಆಝೆ ವೀಕ್ಷಣಾಲಯ 3,000 ಚದರ ಕಿಲೋಮೀಟರ್ ಬಯಲಿನಲ್ಲಿ ತಲಾ 12,000 ಲೀಟರ್ ಶುದ್ಧ ನೀರು ತುಂಬಿದ 1,600ಕ್ಕೂ ಹೆಚ್ಚು ತೊಟ್ಟಿಗಳನ್ನು ಇಟ್ಟಿದೆ. 2017ರಲ್ಲಿ ಅದಕ್ಕೆ ದಿಕ್ಕಿನ ಏರುಪೇರು ಸಿಕ್ಕಿದ್ದೂ ಹೌದು: ಆಕಾಶದ ಒಂದು ಬದಿಯಿಂದ ಕಣಗಳು ತುಸು ಹೆಚ್ಚು ಬರುತ್ತಿದ್ದವು. ಅದರಲ್ಲಿ ವಿಜ್ಞಾನಿಗಳು ಕಂಡದ್ದು ಜಾಲರಿಯನ್ನಲ್ಲ. ಈ ಕಣಗಳು ನಮ್ಮ ಗ್ಯಾಲಕ್ಸಿಯ ಹೊರಗಿನಿಂದ ಬರುತ್ತಿವೆ ಎಂಬುದಕ್ಕೆ ಪುರಾವೆಯನ್ನು.